ರೆಕ್ಕೆಯೊಳಗಿನ ದಾರಿ



ಮೂವತ್ತು ವರ್ಷಕ್ಕೂ ಮೀರಿ ಹಳಗನ್ನಡವನ್ನು ಪಾಠ ಹೇಳಿದವನು ಥರ್ಮೋಕೋಲಿನ ವಿಮಾನವನ್ನು ಕುರಿತು ಮಾತನಾಡಹೊರಟರೆ ನಿಮಗೆ ಸೋಜಿಗವಾದೀತು. ಸೂತ್ರವೆಂದರೆ ನನಗೆ ಪರಿಚಯವಿದ್ದದ್ದು ಕೇಶಿರಾಜನ ಶಬ್ದಮಣಿದರ್ಪಣದ ಸೂತ್ರ. ಆ ಮಾತಿಗೆ ದಾರವೆಂಬ ಅರ್ಥವೂ ಉಂಟು, ಸೂತ್ರದ ಗೊಂಬೆಯಾಟದವರು ಆ ಅರ್ಥವನ್ನು ಇಂದಿಗೂ ಬೆರಳ ತುದಿಯಲ್ಲಿ ಉಳಿಸಿಕೊಂಡಿದ್ದಾರೆ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ಅಂಥದೊಂದು ದಾರವನ್ನು ರೆಕ್ಕೆಯ ಒಡಲೊಳಗೆ ಹಾಯಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ನಿವೃತ್ತಿಯಾದ ಮೇಲೆ, ಮಗಳ ಮಗನ ದೆಸೆಯಿಂದ.

ನಮ್ಮ ಮನೆ ಇರುವುದು ಆಲೂರಿನಿಂದ ಸಕಲೇಶಪುರದ ಕಡೆಗೆ ನೆಲ ಏರತೊಡಗುವ ಗುಡ್ಡಗಳ ಸೆರಗಿನಲ್ಲಿ. ಕೆಳಗೆ ಗದ್ದೆಯ ಬಯಲು. ಮೇಲೆ ಸಿಲ್ವರ್ ಓಕ್ ನೆರಳಿನ ಕಾಫಿ ತೋಟ. ಪಿಯುಸಿ ಓದುವ ಹುಡುಗ ರಜೆಗೆ ಬಂದವನು ತಾನೇ ಕೊಯ್ದು ರೂಪಿಸಿದ ನಾಲ್ಕಡಿ ರೆಕ್ಕೆಯೊಂದನ್ನು ಹೊತ್ತು ತಂದಿದ್ದ. ಮಂಜರಾಬಾದಿನ ಕೋಟೆಯ ನಕ್ಷತ್ರಾಕಾರವನ್ನು ಮೇಲಿನಿಂದ ನೋಡಬೇಕೆಂಬುದು ಅವನ ಆಸೆ. ಕೋಟೆ ಹಾಗಿರಲಿ, ಮೊದಲು ನಮ್ಮ ಗದ್ದೆಯ ಮೇಲೆ ಹಾರಿಸು ಎಂದೆ. ಇಂಥ ಮಾದರಿ ವಿಮಾನವನ್ನು ಕಣ್ಣಳತೆಯೊಳಗೇ ಹಾರಿಸತಕ್ಕದ್ದೆಂದು 2021ರ ಡ್ರೋನ್ ನಿಯಮಗಳೂ ಹೇಳುತ್ತವೆ.

ವಿಮಾನ ವಾಲಬೇಕಾದರೆ ಎರಡೂ ರೆಕ್ಕೆಗಳ ಹಿಂಬದಿಯಲ್ಲಿರುವ ಕೀಲುಪಟ್ಟಿಗಳಲ್ಲಿ ಒಂದು ಮೇಲೇಳಬೇಕು, ಇನ್ನೊಂದು ಕೆಳಗಿಳಿಯಬೇಕು. ಈ ಪಟ್ಟಿಗಳನ್ನು ಆಡಿಸುವ ಯಂತ್ರಕ್ಕೆ ಸರ್ವೋ ಎಂದು ಹೆಸರು. ಸೇವಕನೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ತೂಕ 9 ಗ್ರಾಂ. ಅದರಿಂದ ಮೂರು ಎಳೆಗಳ ಒಂದು ತಂತಿ ಹೊರಡುತ್ತದೆ. ಕಂದು ಮತ್ತು ಕೆಂಪು ಎಳೆಗಳು ವಿದ್ಯುತ್ತಿಗೆ, ಕಿತ್ತಳೆ ಬಣ್ಣದ್ದು ಆಜ್ಞೆಗೆ. ಆಜ್ಞೆ ಬರುವುದು ಸೆಕೆಂಡಿಗೆ 50 ಮಿಡಿತಗಳಾಗಿ. ಒಂದೊಂದು ಮಿಡಿತವೂ 1.5 ಮಿಲಿಸೆಕೆಂಡ್ ಇದ್ದರೆ ಸರ್ವೋದ ತೋಳು ನಡುವೆ ನಿಲ್ಲುತ್ತದೆ. 1ರತ್ತ ಕುಗ್ಗಿದರೆ ಒಂದು ಕಡೆಗೆ, 2ರತ್ತ ಹಿಗ್ಗಿದರೆ ಇನ್ನೊಂದು ಕಡೆಗೆ ತಿರುಗುತ್ತದೆ. ಹುಡುಗ ಇದನ್ನು ಅಂಜುತ್ತ ಅಂಜುತ್ತ ವಿವರಿಸಿದ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಆಯುಷ್ಯವಿಡೀ ಎಣಿಸಿದವನಿಗೆ ಇದರಲ್ಲಿ ಕಷ್ಟವೇನು? ಅವನ ಯಂತ್ರಕ್ಕೂ ಛಂದಸ್ಸು ಇದೆಯೆಂದು ನಕ್ಕೆ. ಅವನು ನಗಲಿಲ್ಲ.

ಕಷ್ಟವಿದ್ದದ್ದು ಆ ತಂತಿಯನ್ನು ಸಾಗಿಸುವುದರಲ್ಲಿ. ಹೊರಗೆ ಬಿಟ್ಟರೆ ಗಾಳಿಗೆ ಅಡ್ಡಿ, ಪೊದೆಗೆ ಸಿಕ್ಕಿ ಹರಿಯುವ ಭಯ. ಕೆಳಮೈಯಲ್ಲಿ ಬ್ಲೇಡಿನಿಂದ ಸೀಳಿ, ತಂತಿಯನ್ನು ಒತ್ತಿ ಕೂರಿಸಿ, ಮೇಲೆ ಟೇಪು ಅಂಟಿಸುವುದು ಸುಲಭದ ಮಾರ್ಗ. ಆದರೆ ಥರ್ಮೋಕೋಲಿನ ರೆಕ್ಕೆಯ ಬಲ ಬಹುಮಟ್ಟಿಗೆ ಅದರ ಹೊರಮೈಯಲ್ಲಿದೆ. ಹಾರುವಾಗ ರೆಕ್ಕೆಯ ತುದಿಗಳು ಮೇಲಕ್ಕೆ ಬಾಗುತ್ತವೆ. ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ, ನಡುವಣ ತಿರುಳಿಗೆ ಈ ಎರಡು ಬಾಧೆಗಳೂ ಕಡಿಮೆ. ಆದಕಾರಣ ದಾರಿ ತಿರುಳಿನಲ್ಲೇ ಆಗಲಿ, ಬೆನ್ನೆಲುಬಿನಂತೆ ಹುದುಗಿಸಿದ ಬಿದಿರು ಕಡ್ಡಿಗೆ ಪೆಟ್ಟಾಗದಿರಲಿ ಎಂದು ಅವನ ತೀರ್ಮಾನ.

ಸುರಂಗ ಕೊರೆಯುವ ಸಾಧನವನ್ನು ಒದಗಿಸಿದವನು ನಾನು. ಮಲೆನಾಡಿನ ಮನೆಯಲ್ಲಿ ಮುರಿದ ಛತ್ರಿಗೆ ಬರವೆಲ್ಲಿ? ಛತ್ರಿಯ ಕಡ್ಡಿಯೊಂದನ್ನು ಕಳಚಿ, ನೆಟ್ಟಗೆ ಮಾಡಿ, ಒಲೆಯಲ್ಲಿ ಕಾಯಿಸಿದೆವು. ಕಾದ ಕಡ್ಡಿ ಥರ್ಮೋಕೋಲಿನೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಅದೇ ಅದರ ಅಪಾಯ. ನಡುವೆ ಒಂದು ಕ್ಷಣ ತಡೆದರೆ ಅಲ್ಲೇ ಕರಗಿ ಗವಿಯಾಗುತ್ತದೆ. ಅವಸರಪಟ್ಟರೆ ದಾರಿ ತಪ್ಪಿ ಮೇಲ್ಮೈಗೆ ತಲೆಹಾಕುತ್ತದೆ. ಹೊಗೆಯಂತೂ ಕುಡಿಯತಕ್ಕದ್ದಲ್ಲ, ಜಗಲಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕುಳಿತೆವು. ಒಂದು ರೆಕ್ಕೆಯ ತುಂಡು ಅಭ್ಯಾಸಕ್ಕೇ ಆಹುತಿಯಾಯಿತು. ಆಮೇಲೆ ಎರಡೂ ಬದಿಗಳಲ್ಲಿ ಕಿರುಬೆರಳು ಹಿಡಿಸುವಷ್ಟು ದಾರಿ ಬಿತ್ತು. ಅದರೊಳಗೆ ಸುರುಳಿ ಸುತ್ತಿದ ಕಾಗದದ ಕೊಳವೆಯನ್ನು ಇಳಿಸಿ ಫೆವಿಕಾಲ್ ಹಚ್ಚಿದೆವು. ಕೆಲವು ಬಗೆಯ ಅಂಟು ಥರ್ಮೋಕೋಲನ್ನೇ ತಿಂದುಬಿಡುತ್ತದೆ. ಈ ನೀರಂಟು ತಿನ್ನುವುದಿಲ್ಲ.

ಮುಂದಿನ ಉಪಾಯ ಅವನದು. ಹೊಲಿಗೆಯ ದಾರಕ್ಕೆ ಒಂದು ಚಿಕ್ಕ ನಟ್ಟು ಕಟ್ಟಿ, ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ, ಕೊಳವೆಯೊಳಕ್ಕೆ ಬಿಟ್ಟ. ಒಳಗೆ ಎಲ್ಲೋ ಸರಸರ ಸದ್ದು. ಮರುಕ್ಷಣ ಕೆಳತುದಿಯಲ್ಲಿ ನಟ್ಟು ಇಣುಕಿತು. ಆ ದಾರದ ತುದಿಗೆ ತಂತಿಯನ್ನು ಕಟ್ಟಿ ಎಳೆದರಾಯಿತು. ಕೇಶಿರಾಜನ ಸೂತ್ರಗಳ ನಡುವೆ ಮುದಿಯಾದ ನಾನು ಮಕ್ಕಳಂತೆ ಚಪ್ಪಾಳೆ ತಟ್ಟಿದೆನೆಂಬುದನ್ನು ಮುಚ್ಚಿಡುವುದಿಲ್ಲ.

ಮುಚ್ಚಿಟ್ಟದ್ದು ಬೇರೊಂದು. ಸರ್ವೋದ ತಂತಿ ಒಂದು ಗೇಣಿನಷ್ಟೇ. ರೆಕ್ಕೆಯ ಬುಡ ಮುಟ್ಟಲು ಇನ್ನೊಂದು ತಂತಿಯನ್ನು ಸೇರಿಸಬೇಕು. ಆ ಸೇರುವೆ ಕೊಳವೆಯೊಳಗೆ ಅಡಗಿಹೋಗುವುದರಿಂದ ಅದನ್ನು ದಾರದಿಂದ ಬಿಗಿದು, ಟೇಪು ಸುತ್ತಿ, ಎಳೆದು ನೋಡಿಯೇ ಒಳಗೆ ಬಿಡಬೇಕು. ಬಲ ಬದಿಯದನ್ನು ಅವನು ಕಟ್ಟಿದ. ಎಡ ಬದಿಯದು ನನ್ನ ಕೈಯಲ್ಲಿತ್ತು. ಸಂಜೆಯ ಬೆಳಕು, ದಾರ ನನ್ನ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಎರಡು ಸಲ ಸುತ್ತಿದೆ, ಗಂಟು ಜಾರಿತು, ಟೇಪನ್ನಷ್ಟೇ ಅಂಟಿಸಿ ಬಿಟ್ಟೆ. “ಕಟ್ಟಿದಿರಾ ತಾತ?” ಎಂದು ಕೇಳಿದ. “ಹ್ಞೂ” ಎಂದೆ.

ಕೊಯ್ಲಾದ ಗದ್ದೆಯಲ್ಲಿ ಮಾರನೆಯ ದಿನ ವಿಮಾನ ಎದ್ದಿತು. ಎರಡು ಸುತ್ತು ನಿರಾತಂಕವಾಗಿ ಹಾರಿತು. ಮೂರನೆಯ ಸುತ್ತಿನಲ್ಲಿ ಬಲಕ್ಕೆ ವಾಲಿದ್ದು ಮತ್ತೆ ನೇರವಾಗಲೇ ಇಲ್ಲ. ಹುಡುಗ ಕಡ್ಡಿಯನ್ನು ಎಡಕ್ಕೆ ಎಷ್ಟು ಒತ್ತಿದರೂ ವಾಲುತ್ತ ವಾಲುತ್ತ ಗದ್ದೆ ದಾಟಿ, ಓಕ್ ಮರಗಳ ಮೇಲಾಗಿ ತೋಟದೊಳಗೆ ಇಳಿಯಿತು. ಅಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಂಗಸರ ಕೂಗು ನಮಗೆ ಕೇಳಿಸಿತು. ನಾವಿಬ್ಬರೂ ಓಡಿದೆವು, ನಾನು ಓಡಿ ಬಹಳ ವರ್ಷಗಳಾಗಿದ್ದವು. ಯಾರಿಗೂ ತಗುಲಿರಲಿಲ್ಲ. ನಾಲ್ಕು ಮಾರು ಆಚೆ ಬಿತ್ತಂತೆ. ಎತ್ತ ಕಡೆಗೆಂದು ಕೇಳಿ ಹುಡುಕುವಷ್ಟರಲ್ಲಿ ಹತ್ತಿರದ ತೋಟಕ್ಕೆ ಆನೆ ಬಂದಿದೆಯೆಂದು ಮೇಸ್ತ್ರಿಯ ಮೊಬೈಲಿಗೆ ಸುದ್ದಿ ಬಂದಿತು. ನಮ್ಮ ಕಡೆ ಆ ಸುದ್ದಿಯೊಡನೆ ವಾದವಿಲ್ಲ. ಎಲ್ಲರೂ ಬುಟ್ಟಿ ಎತ್ತಿಕೊಂಡು ಇಳಿದೆವು.

ಆ ರಾತ್ರಿ ಹುಡುಗ ರೇಡಿಯೋವನ್ನು ಶಂಕಿಸಿದ, ಬ್ಯಾಟರಿಯನ್ನು ಶಂಕಿಸಿದ, ತನ್ನ ಕೈಯನ್ನೂ ಶಂಕಿಸಿದ. ನನ್ನನ್ನು ಮಾತ್ರ ಶಂಕಿಸಲಿಲ್ಲ. ಮಾತು ಬೆಳೆಸಲೆಂದು ತೇಜಸ್ ವಿಮಾನದ ಸಂಗತಿ ಹೇಳಿದ. 1951ರಲ್ಲಿ ಬೆಂಗಳೂರಿನಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದಲ್ಲಿ ಚಾಲಕನ ಕೈಬಲವೇ ರೆಕ್ಕೆಯ ಪಟ್ಟಿಗಳನ್ನು ಆಡಿಸುತ್ತಿತ್ತು. 2001ರ ಜನವರಿ 4ರಂದು ಅದೇ ಊರಿನಿಂದ ಮೊದಲ ಬಾರಿಗೆ ಎದ್ದ ತೇಜಸ್‌ನಲ್ಲಿ ಚಾಲಕನ ಇಂಗಿತ ವಿದ್ಯುತ್ ಸಂಕೇತವಾಗಿ ತಂತಿಯ ಮೂಲಕವೇ ಹೋಗುತ್ತದೆ. “ಅದಕ್ಕೆ ನಾಲ್ಕು ಬೇರೆ ಬೇರೆ ಹಾದಿ ಇಟ್ಟಿದ್ದಾರೆ ತಾತ. ಒಂದು ಕೆಟ್ಟರೂ ಉಳಿದವು ನಡೆಸುತ್ತವೆ. ನಮ್ಮದಕ್ಕೆ ಒಂದೇ ಅಲ್ಲವೆ?” ನನಗೆ ನಿದ್ದೆ ಹತ್ತಲಿಲ್ಲ.

ಬೆಳಗ್ಗೆ ಮೇಸ್ತ್ರಿಯೇ ವಿಮಾನವನ್ನು ತಂದುಕೊಟ್ಟರು. ಎಡ ರೆಕ್ಕೆ ಮುರಿದು, ಕಾಗದದ ಕೊಳವೆ ಬಾಯಿ ಬಿಟ್ಟಿತ್ತು. ಒಳಗೆ ಸೇರುವೆಯ ಎರಡು ತುದಿಗಳು ಅರ್ಧ ಅಂಗುಲ ದೂರ ನಿಂತಿದ್ದವು. ಟೇಪು ಒಂದಕ್ಕೆ ಮಾತ್ರ ಅಂಟಿಕೊಂಡಿತ್ತು, ದಾರದ ಸುಳಿವಿಲ್ಲ. ಬಲಕ್ಕೆ ವಾಲಿದ್ದ ಹೊತ್ತಿನಲ್ಲೇ ಬೇರ್ಪಟ್ಟಿರಬೇಕು. ಎಡ ಪಟ್ಟಿ ಕೊನೆಯ ಆಜ್ಞೆಯಲ್ಲೇ ನಿಂತುಬಿಟ್ಟಿತು. ಬಿದ್ದ ಪೆಟ್ಟಿಗೆ ಬಿಟ್ಟಿರಬಹುದು ಎಂದ ಹುಡುಗ. ನನಗೊಂದು ನೆಪವನ್ನು ಅವನೇ ಒದಗಿಸಿದ್ದ. “ಇಲ್ಲಪ್ಪ, ನಾನು ಕಟ್ಟಿರಲಿಲ್ಲ” ಎಂದೆ. ಅವನು ಬಹಳ ಹೊತ್ತು ತಂತಿಯನ್ನೇ ನೋಡುತ್ತಿದ್ದ. “ಕಾಣಲಿಲ್ಲ ಅಂತ ಹೇಳಬಹುದಿತ್ತಲ್ಲ ತಾತ” ಎಂದಷ್ಟೇ ಹೇಳಿ ಒಳಗೆ ಹೋದ. ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಸಣ್ಣ ಕಾಗುಣಿತವನ್ನೂ ಬಿಡದೆ ತಿದ್ದಿದವನು ನಾನು.

ಅಂದೇ ತೋಟಕ್ಕೆ ಹೋಗಿ ಆ ಹೆಂಗಸರ ಕ್ಷಮೆ ಕೇಳಿದೆ. ಅವರು ನಕ್ಕು, ಇನ್ನು ಹಾರಿಸುವ ದಿನ ಮೊದಲೇ ಹೇಳಿ ಕಳಿಸಿ ಎಂದರು.

ಹೊಸ ಎಡ ರೆಕ್ಕೆ ಸಿದ್ಧವಾಗಲು ನಾಲ್ಕು ದಿನ ಹಿಡಿಯಿತು. ಛತ್ರಿಯ ಕಡ್ಡಿಯನ್ನು ನಾನೇ ಕಾಯಿಸಿದೆ. ದಾರಿ ಮೊದಲಿನದಕ್ಕಿಂತ ನೇರವಾಗಿ ಬಿತ್ತು. ಸೇರುವೆಗೆ ದಾರ ಕಟ್ಟಿದವನು ಅವನು. ಮೂರು ಗಂಟು ಹಾಕಿ, ಎಳೆದು ನೋಡಿ, ನನ್ನ ಕೈಗೂ ಕೊಟ್ಟು ಎಳೆಯಹೇಳಿದ. ಎಳೆದೆ. ಬಳಿಕ ಮತ್ತೆ ಟಾರ್ಚನ್ನು ಅವನ ಬೆರಳುಗಳಿಗೆ ಹಿಡಿದೆ.