ಹಾಲಿಗೆ ಅಳತೆ, ಕೋಳಿ ಔಷಧಿಗೆ ಅಂದಾಜೆ?

(ಸಂಘದ ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿರುವುದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ದೊಡ್ಡ ವಿಷಯ ಮಾತನಾಡುವ ಯೋಗ್ಯತೆ ನಮಗಿಲ್ಲ. ಬೆಳ್ಳಿಹಬ್ಬದಲ್ಲಿ ಎಲ್ಲರೂ ಹಾಲು, ಹಸು, ಬೋನಸ್ಸು ಅಂತ ಮಾತನಾಡುತ್ತಾರೆ. ನಮಗೆ ಕಾರ್ಯದರ್ಶಿಗಳು "ಹಿತ್ತಿಲ ಕೋಳಿ ವಿಷಯ ಹೇಳಿ, ನಿಮಗೆ ಅನುಭವ ಇದೆ" ಅಂದರು. ಅನುಭವ ಇರುವುದು ನಿಜ. ಆದರೆ ಅದು ಹೆಮ್ಮೆಪಡುವಂಥ ಅನುಭವ ಅಲ್ಲ. ತಪ್ಪು ಮಾಡಿ ಕಲಿತದ್ದು. ಅದನ್ನೇ ಮುಚ್ಚುಮರೆ ಇಲ್ಲದೆ ನಿಮ್ಮ ಮುಂದೆ ಇಡುತ್ತೇವೆ.

ಹಾಲಿನ ದುಡ್ಡು ಪಾಸ್‌ಬುಕ್ಕಿಗೆ ಬೀಳುತ್ತದೆ, ಸಾಲಕ್ಕೆ ಹೋಗುತ್ತದೆ. ಕೋಳಿ ದುಡ್ಡು ಹೆಂಗಸರ ಸೆರಗಿನ ಗಂಟಿಗೆ ಬೀಳುತ್ತದೆ. ಮಗುವಿನ ನೋಟ್‌ಬುಕ್ಕು, ಬಸ್ ಚಾರ್ಜು, ನೆಂಟರು ಬಂದಾಗ ಒಂದು ಸಾರು, ಎಲ್ಲಾ ಅದರಿಂದಲೇ. ನಮ್ಮ ಮನೆಯಲ್ಲಿ ಕೋಳಿ ಎಂದರೆ ನಮ್ಮ ಅವ್ವನ ಖಾತೆ. ಏಳೆಂಟು ವರ್ಷದ ಹಿಂದಿನ ಮಾತು. ನಮ್ಮ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಬಾಣಂತಿಗೆ ಮೊಟ್ಟೆ, ಸಾರು ಬೇಕು ಅಂತ ಅವ್ವ ಒಂದು ಹೇಂಟೆಯನ್ನು ಕಾವಿಗೆ ಕೂರಿಸಿ ಒಂಬತ್ತು ಮರಿ ಎಬ್ಬಿಸಿದ್ದರು. ಮೊಟ್ಟೆ ಇಡುವ ಹೇಂಟೆ ಬೇರೆ ನಾಲ್ಕಿದ್ದವು.

ಮರಿಗಳು ಒಂದೂವರೆ ತಿಂಗಳಿಗೆ ಬಂದಾಗ ಸೊರಗತೊಡಗಿದವು. ಹಿಕ್ಕೆಯಲ್ಲಿ ಬಿಳಿ ಹುಳ ಕಂಡಿತು. ಹಸುವಿನ ಉಣ್ಣೆಗೆ ಅಂತ ತಂದು ಉಳಿಸಿದ್ದ ಐವರ್‌ಮೆಕ್ಟಿನ್ ಇಂಜೆಕ್ಷನ್ ಬಾಟಲಿ ಗೂಡಿನಲ್ಲಿತ್ತು. "ಇದು ಹುಳಕ್ಕೂ ಆಗ್ತದೆ" ಅಂತ ಯಾರೋ ಹೇಳಿದ್ದು ನೆನಪಿತ್ತು. ಹಸುವಿಗೆ ಆಗುವುದು ಕೋಳಿಗೆ ಆಗದೆ ಏನು ಅಂತ ಒಂದೊಂದು ಮರಿಯ ಬಾಯಿಗೆ ಅರ್ಧ ಎಂ.ಎಲ್. ಬಿಟ್ಟೆವು. ಹೇಂಟೆಗಳಿಗೆ ಒಂದೊಂದು ಎಂ.ಎಲ್. ಎಷ್ಟು ಸ್ವಲ್ಪ ಕೊಟ್ಟಿದ್ದೇವೆ ಅಂತಲೇ ನಮ್ಮ ಲೆಕ್ಕ.

ಸಂಜೆಗೆ ಮರಿಗಳು ನಿಲ್ಲಲಾರದೆ ಕೂತವು. ಕತ್ತು ಜೋತುಬಿತ್ತು. ಕೊಕ್ಕರೆ ರೋಗವೇ ಬಂತು ಅಂದುಕೊಂಡೆವು. ಬೆಳಿಗ್ಗೆ ಮಂಕರಿ ಎತ್ತಿದರೆ ಒಂಬತ್ತರಲ್ಲಿ ಆರು ಸತ್ತಿದ್ದವು. ಆ ಬಾಟಲಿಯನ್ನೇ ಜೇಬಿನಲ್ಲಿ ಇಟ್ಟುಕೊಂಡು ಪಶು ಡಾಕ್ಟರ ಹತ್ತಿರ ಹೋದೆವು. ಅವರು ಬೈಯಲಿಲ್ಲ. ಒಂದು ಚೀಟಿ ಹಿಂದೆ ಲೆಕ್ಕ ಬರೆದು ತೋರಿಸಿದರು. ಶೇ. 1ರ ಈ ಔಷಧಿ ಹಸುವಿಗೆ 50 ಕೆ.ಜಿ. ತೂಕಕ್ಕೆ 1 ಎಂ.ಎಲ್. ನಮ್ಮ ಮರಿ ತೂಗುತ್ತಿದ್ದುದು ಕಾಲು ಕೆ.ಜಿ. ಹಸುವಿನ ಲೆಕ್ಕವನ್ನೇ ಹಿಡಿದರೂ ಅದರ ಪಾಲಿಗೆ ಬರುವುದು ಒಂದು ಎಂ.ಎಲ್.ನ ಇನ್ನೂರನೇ ಒಂದು ಭಾಗ. ನಾವು ಕೊಟ್ಟಿದ್ದು ಅರ್ಧ ಎಂ.ಎಲ್. ಅಂದರೆ ನೂರು ಪಟ್ಟು!

ಅಷ್ಟು ಸಣ್ಣ ಭಾಗವನ್ನು ಅಳೆಯುವ ಗೆರೆ ಒಂದು ಎಂ.ಎಲ್. ಸಿರಿಂಜಿನಲ್ಲೂ ಇಲ್ಲ. "ಅಳೆಯೋಕೇ ಆಗದ ಔಷಧೀನ ಕೋಳಿಗೆ ಯಾಕೆ ಮುಟ್ಟಿಸಿದ್ರಿ?" ಅಂದರು. ಔಷಧಿ ಕೆಟ್ಟದ್ದಲ್ಲ. ಅದನ್ನು ಕಂಡುಹಿಡಿದ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನವೇ ಬಂದಿದೆ. ಕೆಟ್ಟದ್ದು ನಮ್ಮ ಅಂದಾಜು. ಉಳಿದ ಕೋಳಿಗಳ ಮೊಟ್ಟೆ, ಮಾಂಸವನ್ನು ಅವರು ಹೇಳುವವರೆಗೆ ಬಾಣಂತಿಗಿರಲಿ, ಯಾರಿಗೂ ಕೊಡಬೇಡಿ ಅಂದರು. ಮನೆ ತುಂಬ ಕೋಳಿ ಇಟ್ಟುಕೊಂಡು ಮಗಳಿಗೆ ಪೇಟೆಯಿಂದ ಮೊಟ್ಟೆ ತಂದೆವು. ಅವ್ವ ನಮಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬಂಧುಗಳೆ, ಇದೇ ಸಂಘದಲ್ಲಿ ದಿನಾ ಎರಡು ಹೊತ್ತು ಏನು ನಡೆಯುತ್ತದೆ ನೋಡಿ. ಫ್ಯಾಟು 3.5ಕ್ಕೆ ಒಂದು ಪಾಯಿಂಟು ಕಡಿಮೆ ಬಂದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. "ಇನ್ನೊಂದು ಸಲ ಟೆಸ್ಟ್ ಮಾಡಪ್ಪ" ಅನ್ನುತ್ತೇವೆ. ಹಾಲಿಗೆ ಅಷ್ಟು ಅಳತೆ ನೋಡುವ ನಾವು ಕೋಳಿ ಔಷಧಿಗೆ "ಒಂದು ಮುಚ್ಚಳ", "ನಾಲ್ಕು ತೊಟ್ಟು" ಅನ್ನುತ್ತೇವಲ್ಲ, ಇದು ಯಾವ ನ್ಯಾಯ? ನಾವು ಆಮೇಲೆ ಡಾಕ್ಟರಿಂದ ಕಲಿತು ಪಾಲಿಸುತ್ತಿರುವುದನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು, ಹುಳವೇ ಹೌದೆ ಎಂದು ನೋಡುವುದು. ಜುಟ್ಟು ಬಿಳಿಚಿಕೊಂಡು, ಎದೆಮೂಳೆ ಚೂಪಾಗಿ, ಮೇವು ತಿಂದರೂ ಸೊರಗಿದರೆ ಹುಳದ ಅನುಮಾನ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿಯ ಅನುಮಾನ. ಅದಕ್ಕೆ ಹುಳದ ಔಷಧಿ ನಾಟುವುದಿಲ್ಲ, ಬೇರೆಯದೇ ಬೇಕು. ಆದ್ದರಿಂದ ಬೆಳಗಿನ ಹೊಸ ಹಿಕ್ಕೆಯನ್ನು ಒಂದು ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ಯಿರಿ. ಹುಳದಲ್ಲೂ ಜಾತಿ ಇದೆ. ಉದ್ದನೆಯ ದುಂಡುಹುಳು ಬೇರೆ, ಇರುವೆ, ಸಗಣಿಹುಳ, ನೊಣ ತಿಂದು ಬರುವ ಲಾಡಿಹುಳು ಬೇರೆ. ಪೈಪರಜಿನ್ ಎಂಬ ಹಳೆಯ ಔಷಧಿ ದೊಡ್ಡ ದುಂಡುಹುಳಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಲಾಡಿಹುಳಕ್ಕೆ ಅದು ಉಪಯೋಗವಿಲ್ಲ. "ಹುಳದ ಔಷಧಿ ಕೊಡಿ" ಅಂತ ಅಂಗಡಿಯಲ್ಲಿ ಕೇಳಿದರೆ ಸಾಲದು.

ಎರಡನೆಯದು, ತೂಕ. 1989ರಲ್ಲಿ ಬೆಂಗಳೂರಿನ ಹೆಬ್ಬಾಳದಿಂದ ಗಿರಿರಾಜ ತಳಿ ಬಂದ ಮೇಲೆ ನಮ್ಮ ಹಿತ್ತಿಲುಗಳಲ್ಲಿ ನಾಟಿ ಹೇಂಟೆ ಪಕ್ಕದಲ್ಲೇ ಅದರ ಎರಡರಷ್ಟು ತೂಗುವ ಕೋಳಿಯೂ ಮೇಯುತ್ತದೆ. ಎರಡಕ್ಕೂ ಒಂದೇ ಅಳತೆ ಹೇಗಾದೀತು? ಸಂಜೆ ಗೂಡು ಸೇರಿದ ಮೇಲೆ ಒಂದೊಂದನ್ನೇ ಬಟ್ಟೆ ಚೀಲಕ್ಕೆ ಹಾಕಿ ಕೊಕ್ಕೆ ತಕ್ಕಡಿಗೆ ನೇತುಹಾಕಿ. ಮರಿಗಳನ್ನು ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿ. ತೂಕವನ್ನು ಬರೆದಿಡಿ.

ಮೂರನೆಯದು, ಬಾಟಲಿ ಓದುವುದು. ಇದು ಕಷ್ಟದ ಲೆಕ್ಕವೇನಲ್ಲ. ನೀರಿನಂಥ ಔಷಧಿಯ ಮೇಲೆ ಶೇಕಡಾ ಎಷ್ಟಿದೆಯೋ ಅದನ್ನು ಹತ್ತರಿಂದ ಗುಣಿಸಿ. ಒಂದು ಎಂ.ಎಲ್.ನಲ್ಲಿ ಅಷ್ಟು ಮಿಲಿಗ್ರಾಂ ಔಷಧಿ ಇದೆ ಎಂದರ್ಥ. ಉದಾಹರಣೆಗೆ ಡಾಕ್ಟರು ಕೆ.ಜಿ.ಗೆ 10 ಮಿಲಿಗ್ರಾಂ ಆಲ್ಬೆಂಡಜೋಲ್ ಅಂತ ಬರೆದುಕೊಟ್ಟರು ಅನ್ನಿ. ಹೇಂಟೆ ಒಂದೂವರೆ ಕೆ.ಜಿ. ಇದ್ದರೆ ಬೇಕಾದದ್ದು 15 ಮಿಲಿಗ್ರಾಂ. ಬಾಟಲಿ ಶೇ. 2.5ರದ್ದಾದರೆ ಒಂದು ಎಂ.ಎಲ್.ನಲ್ಲಿ 25 ಮಿಲಿಗ್ರಾಂ. 15ನ್ನು 25ರಿಂದ ಭಾಗಿಸಿದರೆ 0.6 ಎಂ.ಎಲ್. ಅದೇ ಶೇ. 10ರ ಬಾಟಲಿಯಾದರೆ 0.15 ಎಂ.ಎಲ್. ಸಾಕು. ಹೆಸರು ಒಂದೇ, ಕೋಳಿಯೂ ಅದೇ, ಆದರೆ "ಹೋದ ಸಲ ಕೊಟ್ಟಷ್ಟೇ ಕೊಟ್ಟೆ" ಅಂದರೆ ನಾಲ್ಕು ಪಟ್ಟು ಹೋಗಿರುತ್ತದೆ. ಇನ್ನೊಂದು ಸಂಗತಿ, ಇಂಥ ಬಿಳಿ ಔಷಧಿ ತಳಕ್ಕೆ ಇಳಿದಿರುತ್ತದೆ. ಕುಲುಕದೆ ಕೊಟ್ಟರೆ ಮೊದಲ ಕೋಳಿಗೆ ನೀರು, ಕೊನೆಯ ಕೋಳಿಗೆ ಗಟ್ಟಿ. ಪ್ರತಿ ಸಲ ಕುಲುಕಿ ತೆಗೆಯಿರಿ.

ನಾಲ್ಕನೆಯದು, ಕೊಡುವ ರೀತಿ. ಸೂಜಿ ತೆಗೆದ ಒಂದು ಎಂ.ಎಲ್. ಸಿರಿಂಜು ಒಳ್ಳೆಯದು. ಕೋಳಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಗಂಟಲಿಗೆ ಜೋರಾಗಿ ಒತ್ತಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ. ಕೊಕ್ಕಿನ ಪಕ್ಕದಿಂದ ತೊಟ್ಟು ತೊಟ್ಟಾಗಿ ಬಿಟ್ಟು, ಅದು ನುಂಗುವವರೆಗೆ ಕಾಯಬೇಕು. ಕುಡಿಯುವ ನೀರಿಗೆ ಬೆರೆಸುವುದು ದೊಡ್ಡ ಫಾರಂಗೆ ಸರಿ. ಹತ್ತು ಕೋಳಿ ಇರುವ ನಮಗೆ ಅದರಲ್ಲಿ ತೊಂದರೆ ಇದೆ. ದೊಡ್ಡ ಕೋಳಿ ದಿನಕ್ಕೆ ಹೆಚ್ಚುಕಡಿಮೆ ಕಾಲು ಲೀಟರು ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಅದು ಒಂದೂವರೆ, ಎರಡು ಪಟ್ಟಾಗುತ್ತದೆ. ಔಷಧಿಯೂ ಅಷ್ಟೇ ಹೆಚ್ಚು ಹೋಗುತ್ತದೆ. ಹುಂಜ ಗದರಿಸಿ ಕುಡಿಯುತ್ತದೆ, ಕಾಯಿಲೆಯ ಕೋಳಿ ಮೂಲೆಯಲ್ಲಿ ನಿಲ್ಲುತ್ತದೆ. ಬೇಕಾದವಕ್ಕೆ ಸಿಗುವುದಿಲ್ಲ, ಬೇಡದವಕ್ಕೆ ಹೆಚ್ಚಾಗುತ್ತದೆ.

ಹೆಚ್ಚು ಕೊಟ್ಟರೆ ಅಪಾಯ ಅಂತ ಕಡಿಮೆ ಕೊಡುವುದೂ ತಪ್ಪು. ಅರೆಬರೆ ಔಷಧಿಯಲ್ಲಿ ಬದುಕಿದ ಹುಳದ ಸಂತಾನಕ್ಕೆ ಬರಬರುತ್ತಾ ಆ ಔಷಧಿ ನಾಟುವುದಿಲ್ಲ. ಕೊಕ್ಕರೆ ರೋಗದ ಲಸಿಕೆ ಹಾಕಿಸುವುದಿದ್ದರೆ ಹುಳದ ಔಷಧಿಯನ್ನು ಒಂದು ವಾರ ಮೊದಲೇ ಮುಗಿಸಿಕೊಳ್ಳಿ. ಸೊರಗಿದ ಕೋಳಿಗೆ ಲಸಿಕೆ ಚೆನ್ನಾಗಿ ಹಿಡಿಯುವುದಿಲ್ಲ.

ಐದನೆಯದು, ಮೊಟ್ಟೆ ಮಾಂಸ ಬಿಡುವ ದಿನ. ಯಾವ ಔಷಧಿಗೆ ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಯುಗಾದಿಯ ಮಾರನೇ ದಿನ ಹೊಸತೊಡಕು, ನಮ್ಮ ಕಡೆ ಎಷ್ಟು ಕೋಳಿ ಹೋಗುತ್ತವೆ ನಿಮಗೆ ಗೊತ್ತು. ಹಬ್ಬದ ಮುಂಚೆ ಕೋಳಿ ಮೈತುಂಬಲಿ ಅಂತ ಔಷಧಿ ಹಾಕಿ ಹಬ್ಬದಲ್ಲಿ ಮಾರಿದರೆ, ಆ ಔಷಧಿಯನ್ನು ಕೊಂಡವರ ಮನೆಯ ಮಗುವಿಗೆ ಕುಡಿಸಿದ ಹಾಗೆ. ನೀರು ಬೆರೆಸಿದ ಹಾಲನ್ನು ಸಂಘಕ್ಕೆ ಹಾಕುವುದು ತಪ್ಪು ಅನ್ನುವ ನಾವು ಇದನ್ನೂ ತಪ್ಪು ಅನ್ನಬೇಕು.

ಕೊನೆಯದು ನೆಲ. ಹಿಕ್ಕೆಯ ಜೊತೆ ಬಿದ್ದ ದುಂಡುಹುಳದ ಮೊಟ್ಟೆ ಬೆಚ್ಚಗೆ ತೇವ ಇರುವ ಕಡೆ ಎರಡು ಮೂರು ವಾರಕ್ಕೆ ಹಣ್ಣಾಗಿ, ಮತ್ತೆ ಕೋಳಿಯ ಹೊಟ್ಟೆ ಸೇರಲು ಸಿದ್ಧವಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ, ಕೆ.ಆರ್.ಪೇಟೆಯ ಹೇಮಾವತಿ ನೀರಿನ ಊರುಗಳಲ್ಲಿ ಹಿತ್ತಿಲು ಆರುವುದೇ ಕಡಿಮೆ. ಅಲ್ಲಿ ಈ ಮೊಟ್ಟೆಗೆ ಆಯಸ್ಸು ಜಾಸ್ತಿ. ನಾಗಮಂಗಲದ ಬೆದ್ದಲು ಕಡೆ ಬಿಸಿಲು ಒಂದಷ್ಟನ್ನು ಕೊಲ್ಲುತ್ತದೆ, ಆದರೆ ಇರುವೆ, ಸಗಣಿಹುಳ ಎಲ್ಲಿಲ್ಲ? ಆದ್ದರಿಂದ ಗೂಡನ್ನು ದಿನಾ ಗುಡಿಸಿ, ಒಣಗಿಸಿ, ಆಗಾಗ ಜಾಗ ಬದಲಾಯಿಸಿ. ಮರಿಗಳನ್ನು ದೊಡ್ಡ ಕೋಳಿಯ ಹಳೆಯ ಜಾಗದಲ್ಲಿ ಬಿಡಬೇಡಿ. ನೆಲ ಗಲೀಜಿದ್ದರೆ ಎಷ್ಟು ಬಾಟಲಿ ಸುರಿದರೂ ತೂತಾದ ಕೊಡಕ್ಕೆ ನೀರು ಹೊಯ್ದ ಹಾಗೆ.

ನಿರ್ದೇಶಕರಾಗಿ ಈ ಸಭೆಯ ಮುಂದೆ ನಮ್ಮ ಎರಡು ಕೋರಿಕೆ. ನಮ್ಮ ಸಂಘ ಒಂದು ಕೊಕ್ಕೆ ತಕ್ಕಡಿ, ಕೆಲವು ಒಂದು ಎಂ.ಎಲ್. ಸಿರಿಂಜು, ಒಂದು ನೋಟ್‌ಬುಕ್ಕು ಇಡಲಿ. ಹೆಚ್ಚು ಖರ್ಚಿನ ಬಾಬ್ತಲ್ಲ. ಕೋಳಿ ಸಾಕುವ ತಾಯಂದಿರು ತೂಕ ಬರೆಸಿಕೊಂಡು, ಡಾಕ್ಟರ ಚೀಟಿಯಂತೆ ಅಳತೆ ಮಾಡಿಸಿಕೊಂಡು ಹೋಗಲಿ. ಎರಡನೆಯದು, ಜಾನುವಾರು ಶಿಬಿರದಲ್ಲಿ ಉಳಿದ ಔಷಧಿಯನ್ನು ಯಾರೂ ಮನೆಗೆ ಒಯ್ಯದಂತೆ ನಿಯಮವಾಗಲಿ. ಅನುಮಾನ ಬಂದರೆ ಪಶು ಆಸ್ಪತ್ರೆ ಇದೆ, 1962 ಸಹಾಯವಾಣಿ ಇದೆ. ಗೂಡಿನಲ್ಲಿರುವ ಹಳೆ ಬಾಟಲಿಯನ್ನು ಕೇಳಬೇಡಿ.

ಅವ್ವ ಈಗಲೂ ಕೋಳಿ ಸಾಕುತ್ತಾರೆ. ಔಷಧಿ ದಿನ ಬಂದರೆ ನಮ್ಮ ಕೈಗೆ ಸಿರಿಂಜು ಕೊಡುವ ಮೊದಲು "ತೂಕ ಹಾಕಿದ್ಯೇನಪ್ಪ?" ಅಂತ ಕೇಳುತ್ತಾರೆ. ಅದೇ ಮಾತನ್ನು ನಿಮಗೂ ಹೇಳಿ, ನಮ್ಮ ಎರಡು ಮಾತು ಮುಗಿಸುತ್ತೇವೆ.

ಜೈ ಸಹಕಾರ.