ಬರ್ಬರರು ಯಾರು? – ಮಕ್ಕಳ ಆಟವೊಂದರ ನೆಪದಲ್ಲಿ



ಕಾವ್ಯವಿಚಾರವನ್ನು ನಿರೀಕ್ಷಿಸಿ ಬಂದ ತಮ್ಮ ಮುಂದೆ ಮಕ್ಕಳ ಆಟವೊಂದರ ಮಾತನ್ನೆತ್ತಿಕೊಂಡಿದ್ದೇನೆ, ಕ್ಷಮೆಯಿರಲಿ. ಕಳೆದ ರಜೆಯಲ್ಲಿ ನನ್ನ ಮೊಮ್ಮಗ ಗೆಳೆಯರೊಡನೆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಸಾಹಸದ ಆಟದಲ್ಲಿ ಮುಳುಗಿದ್ದ. ತನ್ನದು 'ಬಾರ್ಬೇರಿಯನ್' ಪಾತ್ರವೆಂದ. "ಹಾಗೆಂದರೇನಪ್ಪ?" ಎಂದೆ. "ಕಾಡುಜನರವನು, ತಾತ. ಕೋಪ ಬಂದರೆ ಅವನನ್ನು ತಡೆಯುವವರಿಲ್ಲ. ಹಿಂದಿನ ನಿಯಮದಲ್ಲಿ ಅವನಿಗೆ ಓದು ಬರಹ ಬರುತ್ತಿರಲಿಲ್ಲವಂತೆ" ಎಂದ. ಆ ಕೊನೆಯ ಮಾತು ನನ್ನನ್ನು ಬಹಳ ದಿನ ಕಾಡಿತು.

ಈ ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಮೊಮ್ಮಗ ಹೇಳಿದ ನಿಯಮ 2000ದಲ್ಲಿ ಬಂದ ಮೂರನೆಯ ಆವೃತ್ತಿಯದು. ಉಳಿದ ವರ್ಗಗಳ ವೀರರಿಗೆ ಅಕ್ಷರಜ್ಞಾನ ತಾನಾಗಿ ಒದಗುತ್ತಿತ್ತು. ಬಾರ್ಬೇರಿಯನ್ ಮಾತ್ರ ಕೌಶಲದ ಅಂಕಗಳನ್ನು ತೆತ್ತು ಅದನ್ನು ಪಡೆಯಬೇಕಿತ್ತು. ಇಂಥ ಕಲ್ಪಿತ ಲೋಕಗಳಿಗೆ ನಮ್ಮ ಈ ನಾಡೂ ತವರೇ. ಮೆಲ್ಬರ್ನಿನ ಬೀಮ್ ಸಾಫ್ಟ್‌ವೇರ್ 1982ರಲ್ಲಿ 'ದಿ ಹಾಬಿಟ್' ಎಂಬ ಗಣಕದ ಆಟವನ್ನು ರಚಿಸಿತು. ಸಿಡ್ನಿಯ ಸ್ಟ್ರಾಟೆಜಿಕ್ ಸ್ಟಡೀಸ್ ಗ್ರೂಪ್ 1990ರಲ್ಲಿ 'ವಾರ್‌ಲಾರ್ಡ್ಸ್' ಆಟವನ್ನು ಹೊರತಂದಿತು. ಮೊದಲನೆಯದರಲ್ಲಿ ಗಾಬ್ಲಿನ್ನರು ಕೇವಲ ಶತ್ರುಗಳು. ಎರಡನೆಯದರಲ್ಲಿ ಓರ್ಕರ ಪಕ್ಷವನ್ನೂ ಆಟಗಾರ ವಹಿಸಬಹುದಿತ್ತು. ಈ ಭೇದ ಸಣ್ಣದಲ್ಲ.

'ಬರ್ಬರ' ಎಂಬ ಶಬ್ದ ನಮಗೆ ಹೊಸದಲ್ಲ. ಸಂಸ್ಕೃತದಿಂದ ಬಂದು ಕನ್ನಡದಲ್ಲಿ ನೆಲೆಸಿದೆ. ಗ್ರೀಕರು ತಮಗೆ ಅರ್ಥವಾಗದ ನುಡಿ 'ಬರ್ ಬರ್' ಎಂದು ಕೇಳಿಸಿದ್ದರಿಂದ ಪರಕೀಯರನ್ನು ಹಾಗೆ ಕರೆದರು. 'ಮ್ಲೇಚ್ಛ' ಶಬ್ದದ ಮೂಲಾರ್ಥವೂ ಅಸ್ಪಷ್ಟವಾಗಿ ನುಡಿಯುವುದೆಂದೇ. ಕೇಳುವವನ ಕಿವಿಯ ಕೊರತೆ ನುಡಿಯುವವನ ಹೆಸರಾಯಿತು!

ಅಕ್ಷರವಿಲ್ಲದವನು ಅನಾಗರಿಕನೆಂಬ ನಿಯಮಕ್ಕೆ ನಮ್ಮವರು ಒಪ್ಪಿಯಾರೆ? ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡಿಗರನ್ನು ಹೊಗಳುವುದೇ, ಓದದೆಯೂ ಕಾವ್ಯದಲ್ಲಿ ನುರಿತವರು ಎಂದು. ಮಂಟೇಸ್ವಾಮಿಯ ಮಹಾಕಾವ್ಯವನ್ನು ತಲೆಮಾರುಗಳಿಂದ ಕಾಪಾಡಿದ್ದು ನೀಲಗಾರರ ಕಂಠ, ತಾಳೆಯೋಲೆಯಲ್ಲ. ಆ ಆಟದ ಲೆಕ್ಕದಲ್ಲಿ ಅವರೆಲ್ಲ ಬಾರ್ಬೇರಿಯನ್ನರೇ ಆಗುತ್ತಿದ್ದರು.

ಆಟದ ನಿಯಮ ಆಟದಲ್ಲಿಯೇ ಉಳಿದರೆ ಚಿಂತೆಯಿಲ್ಲ. 1788ರಲ್ಲಿ ಆಂಗ್ಲರ ಹಡಗುಗಳು ಸಿಡ್ನಿಗೆ ಬಂದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಮೂಲನಿವಾಸಿಗಳು ಕಾನೂನನ್ನು, ನೆಲದ ಗುರುತನ್ನು ಹಾಡಿನಲ್ಲಿ ಇರಿಸಿಕೊಂಡಿದ್ದರು. ಬಂದವರು ಅವರನ್ನು ಕಾಡುಜನರೆಂದರು, ನೆಲವನ್ನು ತಮ್ಮದೆಂದರು. 1835ರಲ್ಲಿ ಜಾನ್ ಬ್ಯಾಟ್‌ಮನ್ ಮೆಲ್ಬರ್ನ್ ಪ್ರದೇಶದ ಹಿರಿಯರೊಡನೆ ಮಾಡಿಕೊಂಡೆನೆಂದ ಒಪ್ಪಂದವನ್ನು ಸಿಡ್ನಿಯ ಗವರ್ನರ್ ಬೋರ್ಕ್ ರದ್ದುಮಾಡಿದ. ನೆಲ ಅರಸೊತ್ತಿಗೆಯದು, ಅದನ್ನು ಕೊಡುವ ಹಕ್ಕು ಅವರಿಗಿಲ್ಲವೆಂಬುದು ಅದರ ಅರ್ಥ. ಆ ಮಿಥ್ಯೆಯನ್ನು ಈ ದೇಶದ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1992ರ ಜೂನ್ 3ರಂದು, ಮಾಬೋ ಪ್ರಕರಣದಲ್ಲಿ.

ನಾವೂ ಎಲ್ಲೆಯಾಚೆಯೇ ಇದ್ದವರು. 1901ರ ವಲಸೆ ನಿರ್ಬಂಧ ಕಾಯಿದೆಯಂತೆ, ಅಧಿಕಾರಿ ಆರಿಸಿದ ಐರೋಪ್ಯ ಭಾಷೆಯೊಂದರಲ್ಲಿ 50 ಪದಗಳ ಉಕ್ತಲೇಖನ ಬರೆಯಬೇಕಿತ್ತು. ಪಂಪ ಕುಮಾರವ್ಯಾಸರನ್ನು ಅರಗಿಸಿಕೊಂಡ ಪಂಡಿತನೂ ಅಲ್ಲಿ ನಿರಕ್ಷರಿಯೇ! ಆ ಪರೀಕ್ಷೆ 1958ರವರೆಗೆ ಉಳಿಯಿತು.

ಕಿರಾತಾರ್ಜುನ ಪ್ರಸಂಗವನ್ನು ತಾವು ಬಲ್ಲಿರಿ. ಹಂದಿಯ ನೆಪದಲ್ಲಿ ಅರ್ಜುನ ಬೇಡನನ್ನು ಹೀಯಾಳಿಸುತ್ತಾನೆ, ಕಾದುತ್ತಾನೆ, ಸೋಲುತ್ತಾನೆ. ಆಮೇಲಷ್ಟೇ ಎದುರಿರುವವನು ಶಿವನೆಂದು ತಿಳಿಯುತ್ತದೆ. ಪಾಶುಪತ ದೊರೆತದ್ದು ಆ ಬೇಡನ ಕೈಯಿಂದಲೇ. ನಮ್ಮ ಯಕ್ಷಗಾನವಂತೂ ರಾಕ್ಷಸನಿಗೆ ಬಣ್ಣದ ವೇಷದ ಭವ್ಯತೆಯನ್ನೇ ಕೊಟ್ಟಿದೆ.

ಮಕ್ಕಳ ಆಟವನ್ನು ನಿಲ್ಲಿಸಿರೆಂದು ನಾನು ಹೇಳಲಾರೆ. ಅದರ ಪ್ರಕಾಶಕರೇ 2020ರಲ್ಲಿ, ಓರ್ಕರಂಥ ಜನಗಳನ್ನು ಹುಟ್ಟಿನಿಂದ ಕೆಟ್ಟವರೆಂದು ಚಿತ್ರಿಸುವ ರೂಢಿಯನ್ನು ತಿದ್ದಿಕೊಳ್ಳುವುದಾಗಿ ಪ್ರಕಟಿಸಿದರು. ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿ: "ಮಗು, ನಿನ್ನ ಬಾರ್ಬೇರಿಯನ್ನನ ಅಜ್ಜಿ ಅವನಿಗೆ ಯಾವ ಹಾಡು ಹೇಳಿಕೊಟ್ಟಳು?" ನನ್ನ ಮೊಮ್ಮಗ ಸ್ವಲ್ಪ ಹೊತ್ತು ಯೋಚಿಸಿ, "ಕನ್ನಡದ್ದೇ ಇರಲಿ ತಾತ, ಒಂದು ಹೇಳಿಕೊಡು" ಎಂದ. ಹೇಳಿಕೊಟ್ಟೆ.