ಪಹಣಿಯ ತಪ್ಪನ್ನು ಯಾರು ತಿದ್ದಬೇಕು?



ಬೆಲೆಯ ವಿಷಯ ಬಹಳ ಮಾತಾಡಿದ್ದೇವೆ. ಇವತ್ತು ಒಂದು ಕಾಗದದ ವಿಷಯ ಹೇಳುತ್ತೇನೆ. ನಿಮ್ಮ ಪಹಣಿಯನ್ನು ನೀವು ಪೂರ್ತಿ ಓದಿದ್ದು ಯಾವಾಗ? ತೆಗೆಸ್ತೀರಿ, ಸೊಸೈಟಿಗೆ ಕೊಡ್ತೀರಿ, ಅಷ್ಟೆ. ಅದನ್ನು ಓದುವವನು ಸಾಲ ಕೊಡುವವನು, ನಾವಲ್ಲ.

ಓದಿ ನೋಡಿ. 3ನೇ ಕಾಲಂನಲ್ಲಿ ಜಮೀನಿನ ವಿಸ್ತೀರ್ಣ ಇರುತ್ತದೆ. 9ರಲ್ಲಿ ಹಕ್ಕುದಾರರ ಹೆಸರು, ಅವರವರ ಪಾಲಿನ ಎಕರೆ-ಗುಂಟೆ. 3ರಲ್ಲಿ ನಾಲ್ಕು ಎಕರೆ ಇದ್ದು, 9ರಲ್ಲಿ ಅಣ್ಣತಮ್ಮಂದಿರದೆಲ್ಲ ಕೂಡಿಸಿದರೆ ನಾಲ್ಕು ಎಕರೆ ಹತ್ತು ಗುಂಟೆ ಬಂತು ಅನ್ನಿ. ಆ ಹತ್ತು ಗುಂಟೆಯಲ್ಲಿ ರಾಗಿ ಬೆಳೆಯೋದಿಲ್ಲ, ಜಗಳ ಮಾತ್ರ ಬೆಳೆಯುತ್ತೆ. ವಿಭಾಗ, ಮಾರಾಟ ಎಲ್ಲ ಅಲ್ಲೇ ನಿಲ್ಲುತ್ತೆ.

ಇನ್ನು 11ನೇ ಕಾಲಂ, ಋಣದ ಕಾಲಂ. ಸಾಲ ತೀರಿಸಿ ಬೇಬಾಕಿ ಪತ್ರ ತಂದು ಪೆಟ್ಟಿಗೆಯಲ್ಲಿ ಇಟ್ಟಿರುತ್ತೀರಿ. ಆದರೆ ಅದನ್ನು ತಾಲ್ಲೂಕಿಗೆ ಕೊಟ್ಟು ತೆಗೆಸದಿದ್ದರೆ ಬ್ಯಾಂಕಿನ ಹೆಸರು ಅಲ್ಲೇ ಕೂತಿರುತ್ತದೆ. ಬೇರೆ ಬ್ಯಾಂಕಿನವರ ಕಣ್ಣಿಗೆ ನೀವು ಇನ್ನೂ ಸಾಲಗಾರರೇ. ಆಮೇಲೆ ಉಳಿಯುವುದು ಬಡ್ಡಿ ಸಾಹುಕಾರನ ಜಗಲಿ.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಹೋದವು. ಒಂದು ಪ್ರತಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು, ಇಲ್ಲವೆನ್ನುವುದಿಲ್ಲ. ಆದರೆ ಹಳೆಯ ತಪ್ಪು ಈಗ ಅಚ್ಚುಕಟ್ಟಾಗಿ ಅಚ್ಚಾಗಿ ಬರುತ್ತದೆ. ರಾಮಣ್ಣ ರಾಮಯ್ಯ ಆದರೆ ಏನು ಮಹಾ ಅನ್ನಬೇಡಿ. 2018ರ ಸಾಲಮನ್ನಾದಲ್ಲಿ ಆಧಾರ್, ಪಡಿತರ ಚೀಟಿ, ಪಹಣಿ ಮೂರೂ ತಾಳೆಯಾಗಬೇಕಿತ್ತು. ತಾಳೆಯಾಗದವರು ಎಷ್ಟು ಅಲೆದರು ಅನ್ನೋದು ನಿಮಗೇ ಗೊತ್ತು.

1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 133ನೇ ಕಲಂ ಏನು ಹೇಳುತ್ತದೆ? ಪಹಣಿಯಲ್ಲಿ ಬರೆದದ್ದು ತಪ್ಪೆಂದು ರುಜುವಾತಾಗುವವರೆಗೆ ಅದು ನಿಜವೆಂದೇ ಭಾವಿಸಬೇಕು. ಬರೆದವರು ಸರ್ಕಾರದವರು, ರುಜುವಾತು ಮಾಡಬೇಕಾದವರು ನಾವು! ಇದು ಯಾವ ನ್ಯಾಯ?

ನ್ಯಾಯ ಹೇಗೇ ಇರಲಿ, ದಾರಿ ಮುಚ್ಚಿಲ್ಲ. ಖಾತೆ ಬದಲಾವಣೆ ನಡೆಯುತ್ತಿರುವಾಗಲೇ 129ನೇ ಕಲಂ ಪ್ರಕಾರ ತಕರಾರು ಹಾಕಬಹುದು. ನಮೂದು ಆಗಿಹೋಗಿದ್ದರೆ, ಅದು ತಿಳಿದ 60 ದಿನದೊಳಗೆ 136(2)ರ ಪ್ರಕಾರ ಅಸಿಸ್ಟೆಂಟ್ ಕಮೀಷನರಿಗೆ ಮೇಲ್ಮನವಿ. ಅದರ ಮೇಲೆ ಡಿ.ಸಿ. ಇದ್ದಾರೆ. ಹಕ್ಕೇ ಯಾರದು ಅನ್ನೋ ವ್ಯಾಜ್ಯವಾದರೆ ಸಿವಿಲ್ ಕೋರ್ಟೇ ಗತಿ. ಬರೀ ಬರೆಯುವಾಗಿನ ತಪ್ಪಾದರೆ ತಹಸೀಲ್ದಾರರಿಗೆ ಅರ್ಜಿ ಕೊಡಿ.

ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ‘ಆಯ್ತು ಹೋಗ್ರಿ, ನೋಡೋಣ’ ಅಂತಾರೆ, ನಾವು ಕೈಮುಗಿದು ಬರ್ತೀವಿ. ಬರವಣಿಗೆಯಲ್ಲಿ ಕೊಡಿ. ಹಳೆಯ ಕೈಬರಹದ ಪಹಣಿ, ಮ್ಯುಟೇಷನ್ ನಕಲು ಲಗತ್ತಿಸಿ. ಅವು ಮನೆಯಲ್ಲಿ ಇಲ್ಲವಾದರೆ ತಾಲ್ಲೂಕಿನ ರೆಕಾರ್ಡ್ ರೂಮಿನಿಂದ ದೃಢೀಕೃತ ಪ್ರತಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಹಾಕಿ. ಅರ್ಜಿಗೆ ಸ್ವೀಕೃತಿ ಪಡೆಯದೆ ಮೆಟ್ಟಿಲು ಇಳಿಯಬೇಡಿ.

ಮುಂದಿನ ಸಭೆಗೆ ಬರುವಾಗ ನಿಮ್ಮ ನಿಮ್ಮ ಪಹಣಿ ತನ್ನಿ. 3ನ್ನೂ 9ನ್ನೂ ಅಲ್ಲೇ ಕೂಡಿಸಿ ನೋಡೋಣ, ತಪ್ಪಿದ್ದವರ ಅರ್ಜಿಗಳನ್ನೆಲ್ಲ ಒಂದೇ ದಿನ ಕೊಟ್ಟು ಬರೋಣ.